ಮೀನುಗಾರಿಕೆ ನಿಷೇಧ: ದಿನ ಎಣಿಸುವ ಕಾನೂನು ಬಲೆಯ ಕಣ್ಣು ನೋಡುವುದು ಯಾವಾಗ?

ಮೇ ಕೊನೆಯ ವಾರ ಬಂತೆಂದರೆ ಮಲ್ಪೆ, ಗಂಗೊಳ್ಳಿ, ಮಂಗಳೂರು ಧಕ್ಕೆಯಲ್ಲಿ ಬೋಟು ಕಟ್ಟಲು ಜಾಗ ಸಾಲುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆ ಬಂದ್. ಇಷ್ಟು ಪ್ರತಿ ವರ್ಷದ ಸುದ್ದಿ, ಎಲ್ಲರಿಗೂ ಗೊತ್ತು.

ತಲೆಕೆಡಿಸುವುದು ಅದರ ಅಕ್ಕಪಕ್ಕ ಬರುವ ಸುದ್ದಿಗಳು. ಜೂನ್ ಮೊದಲ ವಾರ ತಲಪಾಡಿ ಗಡಿಯಿಂದ ಆಚೆ ಕೇರಳದ ಟ್ರಾಲ್ ಬೋಟುಗಳು (ಚೀಲದಂಥ ಬಲೆಯನ್ನು ಕಡಲಲ್ಲಿ ಎಳೆಯುತ್ತಾ ಹೋಗುವ ಬೋಟುಗಳು) ಇನ್ನೂ ಕಡಲಲ್ಲೇ ಇರುತ್ತವೆ. ಜುಲೈ ತಿಂಗಳಲ್ಲಿ, ನಿಷೇಧದ ಮಧ್ಯದಲ್ಲೇ, ನಾಡದೋಣಿಗಳು ಸಿಗಡಿ ತುಂಬಿಕೊಂಡು ದಡಕ್ಕೆ ಬರುತ್ತವೆ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು 2017ರಲ್ಲೇ ನಿಷೇಧಿಸಲಾಗಿದೆ. ಆದರೂ 'ಬೆಳಕು ಮೀನುಗಾರಿಕೆ ನಿಷೇಧಿಸಿ' ಎಂದು ಇವತ್ತಿಗೂ ಪ್ರತಿಭಟನೆ ನಡೆಯುತ್ತದೆ. ಇದರ ಮೇಲೆ 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಳಸಮುದ್ರಕ್ಕೆ ಹೊಸ ನಿಯಮ ತಂದು, ದೊಡ್ಡ ಬೋಟುಗಳಿಗೆ 'ಆಕ್ಸೆಸ್ ಪಾಸ್' ಕಡ್ಡಾಯ ಎಂದಿದೆ.

ಹಾಗಾದರೆ ಕಡಲಿಗೆ ಯಜಮಾನ ಯಾರು? ಬೆಂಗಳೂರೋ, ದಿಲ್ಲಿಯೋ? ಎರಡು ತಿಂಗಳು ಬೋಟು ಕಟ್ಟಿ ಹಾಕಿದರೆ ಮೀನು ನಿಜಕ್ಕೂ ಜಾಸ್ತಿ ಆಗುತ್ತದಾ? ಒಂದೊಂದಾಗಿ ಬಿಡಿಸಿ ನೋಡೋಣ.

ಒಂದೇ ಕಡಲು, ಮೂರು ಗೆರೆ

ನೀರಿನ ಮೇಲೆ ಗೆರೆ ಕಾಣುವುದಿಲ್ಲ. ಕಾನೂನಿನಲ್ಲಿ ಮಾತ್ರ ಸ್ಪಷ್ಟವಾಗಿ ಇದೆ.

ಸಂವಿಧಾನದ ಪ್ರಕಾರ ಮೀನುಗಾರಿಕೆ ರಾಜ್ಯದ ವಿಷಯ. ಆದರೆ ಆ ಅಧಿಕಾರ ದಡದಿಂದ 12 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 22 ಕಿಲೋಮೀಟರಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ 200 ನಾಟಿಕಲ್ ಮೈಲಿವರೆಗಿನ ನೀರು ಕೇಂದ್ರದ್ದು. ಅದಕ್ಕೆ ವಿಶೇಷ ಆರ್ಥಿಕ ವಲಯ ಎನ್ನುತ್ತಾರೆ.

ರಾಜ್ಯದ ಪಾಲಿನ ನೀರಿನೊಳಗೂ ಇನ್ನೊಂದು ಗೆರೆ ಇದೆ. ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯಿದೆ 1986ರದ್ದು. ಅದರಡಿ ಮಾಡಿದ ವ್ಯವಸ್ಥೆಯಲ್ಲಿ ದಡದ ಹತ್ತಿರದ 6 ಕಿಲೋಮೀಟರ್ ಸಾಂಪ್ರದಾಯಿಕ ಮೀನುಗಾರರಿಗೆ ಮೀಸಲು. ಯಂತ್ರದ ಬೋಟುಗಳು ಅದರಾಚೆ ಹೋಗಬೇಕು, ದೊಡ್ಡ ಆಳಸಮುದ್ರದ ಬೋಟುಗಳು ಇನ್ನೂ ದೂರ.

ಸಮಸ್ಯೆ ಏನೆಂದರೆ ಬಂಗುಡೆಗೆ ಈ ಗೆರೆ ಯಾವುದೂ ಗೊತ್ತಿಲ್ಲ. ಅದು ಮಂಗಳೂರಿನ ಎದುರು ಹುಟ್ಟಿ, ಕಾಸರಗೋಡಿನ ಎದುರು ಬೆಳೆದು, ಕಾರವಾರದ ಬೋಟಿಗೆ ಸಿಗಬಹುದು. ಮಲ್ಪೆಯಿಂದ ಹೊರಟ ಆಳಸಮುದ್ರದ ಬೋಟು ಕೂಡ ಗೋವಾ ದಾಟಿ ಮಹಾರಾಷ್ಟ್ರದ ಎದುರಿನ ನೀರಿನವರೆಗೆ ಹೋಗುತ್ತದೆ. ಒಂದೇ ಬೋಟು ಒಂದೇ ಟ್ರಿಪ್ಪಿನಲ್ಲಿ ಮೂರು ರಾಜ್ಯಗಳ ಕಾನೂನು ಮತ್ತು ಕೇಂದ್ರದ ಕಾನೂನು, ಎಲ್ಲದರೊಳಗೂ ಹಾದು ಬರುತ್ತದೆ. ಹೊರರಾಜ್ಯದವರು ನಮ್ಮ ಬೋಟು ಹಿಡಿದರು, ದಂಡ ಹಾಕಿದರು ಎಂಬ ಸುದ್ದಿ ಆಗಾಗ ಬರುವುದು ಇದಕ್ಕೇ.

ಈ ಗೆರೆಗಳು ಎಂಥ ಗೋಜಲು ಮಾಡುತ್ತವೆ ಎಂಬುದಕ್ಕೆ ತಮಿಳುನಾಡನ್ನು ನೋಡಬಹುದು. ಮೀನಿನ ಹಿಂಡನ್ನೇ ಸುತ್ತುವರಿದು ಎತ್ತುವ ಪರ್ಸೀನ್ ಬಲೆಯನ್ನು ಆ ರಾಜ್ಯ 2022ರಲ್ಲಿ ಪೂರ್ತಿ ನಿಷೇಧಿಸಿತು. ಬೋಟಿನವರು ಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, 12 ಮೈಲಿಯಾಚೆ ಸೋಮವಾರ ಮತ್ತು ಗುರುವಾರ ಮಾತ್ರ, ಬೆಳಿಗ್ಗೆ 8ರಿಂದ ಸಂಜೆ 6ರೊಳಗೆ ಮೀನು ಹಿಡಿಯಲು ಬಿಟ್ಟಿತು. ಅಂದರೆ ಬಲೆ ಹೊತ್ತ ಬೋಟು ನಿಷೇಧ ಇರುವ ನೀರನ್ನು ದಾಟಿ, ನಿಷೇಧ ಇಲ್ಲದ ನೀರಿಗೆ ಹೋಗಿ, ಅದೇ ದಿನ ಹಿಂದೆ ಬರಬೇಕು. ಬಲೆ ಎಲ್ಲಿ ಬಿಟ್ಟರು ಎಂದು ಯಾರು ನೋಡುತ್ತಾರೆ?

ಕಾನೂನು ಹುಟ್ಟಿದ್ದು ಜಗಳ ಬಿಡಿಸಲು

ಕಡಲ ಮೀನುಗಾರಿಕೆ ಕಾಯಿದೆ ಎಂದಾಕ್ಷಣ ಮೀನಿನ ಸಂತತಿ ಉಳಿಸಲು ಮಾಡಿದ್ದು ಎಂದುಕೊಳ್ಳುತ್ತೇವೆ. ಇತಿಹಾಸ ಸ್ವಲ್ಪ ಬೇರೆ.

1970ರ ದಶಕದವರೆಗೆ ನಮ್ಮ ಕರಾವಳಿಯಲ್ಲಿ ರಂಪಣಿಯದ್ದೇ ರಾಜ್ಯಭಾರ. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಉದ್ದದ ಬಲೆ ಬಿಟ್ಟು ಬರುವುದು. ಆಮೇಲೆ ದಡದಲ್ಲಿ ಎರಡೂ ಬದಿ ಹತ್ತಾರು ಜನ ನಿಂತು ಹಗ್ಗ ಎಳೆಯುವುದು. ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. ಬೂತಾಯಿ (ಮತ್ತಿ ಮೀನು), ಬಂಗುಡೆಯ ಹಿಂಡು ದಡದ ಹತ್ತಿರ ಬಂದರೆ ಮಾತ್ರ ಇದು ನಡೆಯುತ್ತದೆ. 70ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಅವು ಹಿಂಡು ದಡಕ್ಕೆ ಬರುವ ತನಕ ಕಾಯಲಿಲ್ಲ. ಎದುರು ಹೋಗಿ, ಸುತ್ತ ಬಲೆ ಹಾಕಿ, ಕೆಳಗಿನ ಹಗ್ಗ ಬಿಗಿದು ಎತ್ತಿಕೊಂಡವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಇವತ್ತು ಅದರ ಸಣ್ಣ ರೂಪವಾದ ಕೈರಂಪಣಿ ಅಲ್ಲಲ್ಲಿ ಕಾಣುವುದೇ ಹೆಚ್ಚು.

ಇದೇ ಹೊತ್ತಿಗೆ ಗೋವಾದಲ್ಲಿ ರಂಪಣಕಾರರು ಟ್ರಾಲರುಗಳ ವಿರುದ್ಧ ಬೀದಿಗಿಳಿದಿದ್ದರು. ತಮಿಳುನಾಡಿನಲ್ಲಿ ಕಡಲಲ್ಲೇ ಹೊಡೆದಾಟ ನಡೆದವು. ಕೇಂದ್ರ ಸರ್ಕಾರ ಸಮಿತಿ ಮಾಡಿ, 1979ರಲ್ಲಿ ಒಂದು ಮಾದರಿ ಮಸೂದೆ ಬರೆದು ರಾಜ್ಯಗಳಿಗೆ ಕಳಿಸಿತು. 1980ರಲ್ಲಿ ಕೇರಳ ಮತ್ತು ಗೋವಾ ಅದನ್ನು ಕಾಯಿದೆ ಮಾಡಿಕೊಂಡವು. ಕರ್ನಾಟಕ ಮಾಡಿದ್ದು 1986ರಲ್ಲಿ.

ಮೂಲ ಉದ್ದೇಶ ಇಷ್ಟೇ: ದೊಡ್ಡ ಬೋಟಿನವರು ಮತ್ತು ಸಣ್ಣ ದೋಣಿಯವರು ಒಬ್ಬರ ಬಲೆಗೆ ಒಬ್ಬರು ಬೀಳದ ಹಾಗೆ ನೀರು ಹಂಚಿಕೊಡುವುದು. ಆದ್ದರಿಂದಲೇ ಕಾಯಿದೆಯಲ್ಲಿ ಯಾರು, ಎಲ್ಲಿ, ಯಾವಾಗ ಎಂಬುದಕ್ಕೆ ಇರುವ ಗಮನ ಎಷ್ಟು ಎಂಬುದಕ್ಕೆ ಇಲ್ಲ. ಮುಂದಿನ ಅರ್ಧ ತೊಂದರೆಗೆ ಬೇರು ಇಲ್ಲಿದೆ ಎಂದು ನನಗೆ ಅನಿಸುತ್ತದೆ.

ಮಳೆಗಾಲದ ನಿಷೇಧ ಬಂದದ್ದೂ ಹೀಗೆ ಜಗಳದ ಮೂಲಕವೇ. ಕೇರಳದಲ್ಲಿ ಸಾಂಪ್ರದಾಯಿಕ ಮೀನುಗಾರರು ವರ್ಷಗಟ್ಟಲೆ ಹೋರಾಡಿ, ಸಮಿತಿ ಮೇಲೆ ಸಮಿತಿ ಕೂತು, ಕೊನೆಗೆ 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಜಾರಿಯಾಯಿತು. ಬೋಟಿನ ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1994ರಲ್ಲಿ ಕೋರ್ಟ್ ರಾಜ್ಯದ ಅಧಿಕಾರವನ್ನು ಎತ್ತಿಹಿಡಿಯಿತು. ಆಮೇಲೆ ಋತು ನಿಷೇಧವನ್ನು ಪ್ರಶ್ನಿಸುವುದು ಕಷ್ಟವಾಯಿತು. ಉಳಿದದ್ದು ಎಷ್ಟು ದಿನ ಎಂಬ ಚೌಕಾಶಿ ಮಾತ್ರ. ಪಶ್ಚಿಮ ಕರಾವಳಿಯಲ್ಲಿ 47 ದಿನ ಇದ್ದ ಏಕರೂಪದ ನಿಷೇಧವನ್ನು ಕೇಂದ್ರ 2015ರಲ್ಲಿ 61 ದಿನಕ್ಕೆ ಏರಿಸಿತು.

ಮಳೆಗಾಲವೇ ಯಾಕೆ?

ಮುಂಗಾರು ಗಾಳಿ ಬೀಸಿದಾಗ ನಮ್ಮ ಕರಾವಳಿಯಲ್ಲಿ ಮೇಲಿನ ಬೆಚ್ಚಗಿನ ನೀರು ಆಚೆ ಸರಿಯುತ್ತದೆ. ಅದರ ಜಾಗಕ್ಕೆ ಕೆಳಗಿನ ತಣ್ಣನೆಯ ನೀರು ಏರುತ್ತದೆ. ಆ ನೀರಿನಲ್ಲಿ ಪೋಷಕಾಂಶ ಜಾಸ್ತಿ. ನದಿಗಳು ಹೊತ್ತು ತರುವ ಕೆಂಪು ನೀರೂ ಸೇರುತ್ತದೆ. ಬಿಸಿಲು ಬಿದ್ದಾಗ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅದು ಮರಿ ಮೀನಿನ ಮೊದಲ ಊಟ. ಬೂತಾಯಿಯಂಥ ಮೀನುಗಳು ಮೊಟ್ಟೆ ಇಡುವ ಮುಖ್ಯ ಕಾಲವೂ ಇದೇ. ಉತ್ತರ ಕನ್ನಡದವರು ತಾರ್ಲೆ ಎನ್ನುವುದು ಇದೇ ಮೀನಿಗೆ.

ಹೊಟ್ಟೆ ತುಂಬ ಮೊಟ್ಟೆ ಇರುವ ಮೀನನ್ನು ಆಗಲೇ ಬಾಚಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ ಎಂಬುದು ನಿಷೇಧದ ಹಿಂದಿನ ಸರಳ ವಾದ. ಜೊತೆಗೆ ಟ್ರಾಲ್ ಬಲೆ ತಳವನ್ನು ಕೆರೆಯುತ್ತದೆ. ಎರಡು ತಿಂಗಳು ಆ ಕೆರೆತ ನಿಂತರೆ ತಳದ ಜೀವಿಗಳಿಗೂ ಸ್ವಲ್ಪ ಬಿಡುವು.

ಇದಕ್ಕೆ ಪ್ರತಿವಾದವೂ ಇದೆ, ಮತ್ತು ಅದು ತಳ್ಳಿಹಾಕುವಂಥದ್ದಲ್ಲ. ಉಷ್ಣವಲಯದ ಕಡಲಲ್ಲಿ ನೂರಾರು ಜಾತಿ ಮೀನು. ಎಲ್ಲವೂ ಜೂನ್-ಜುಲೈನಲ್ಲೇ ಮೊಟ್ಟೆ ಇಡುವುದಿಲ್ಲ. ಕೆಲವು ವರ್ಷವಿಡೀ ಇಡುತ್ತವೆ, ಕೆಲವು ಚಳಿಗಾಲದಲ್ಲಿ. ಹಾಗಾಗಿ 61 ದಿನದ ನಿಷೇಧ ಕೆಲವು ಮೀನಿಗೆ ಸರಿಯಾದ ರಕ್ಷಣೆ, ಇನ್ನು ಕೆಲವಕ್ಕೆ ಬರೀ ರಜೆ.

ನಾಡದೋಣಿಗೆ ವಿನಾಯಿತಿ ಯಾಕೆ? ಕರ್ನಾಟಕದ ಆದೇಶ ಯಾಂತ್ರೀಕೃತ ಬೋಟುಗಳಿಗೆ ಮತ್ತು 10 ಅಶ್ವಶಕ್ತಿಗಿಂತ ಜಾಸ್ತಿ ಎಂಜಿನ್ ಇರುವ ದೋಣಿಗಳಿಗೆ ಮಾತ್ರ ಅನ್ವಯ. ಅದಕ್ಕಿಂತ ಕಡಿಮೆಯವು ಹೋಗಬಹುದು. ಅವು ದೂರ ಹೋಗಲಾರವು, ಹಿಡಿಯುವ ಪ್ರಮಾಣವೂ ಸಣ್ಣದು. ಅದೂ ಕಡಲು ಬಿಟ್ಟರೆ ಮಾತ್ರ. ತೂಫಾನ್ ಎದ್ದು ಕಡಲು ತಳ ಕಲಕಿ ಶಾಂತವಾದ ಮೇಲೆ ಸಿಗಡಿ ದಡಕ್ಕೆ ಬರುತ್ತದೆ ಎಂದು ನಾಡದೋಣಿಯವರು ಕಾಯುತ್ತಾರೆ. ಕೆಲವು ವರ್ಷ ಆ ಎರಡು ತಿಂಗಳಲ್ಲಿ ದೋಣಿ ಇಳಿಸಲು ಸಿಗುವುದೇ ಬೆರಳೆಣಿಕೆಯ ದಿನ.

ಒಂಬತ್ತು ದಿನದ ತಕರಾರು

ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಶುರುವಾಗುವುದು ಜೂನ್ 9ರ ಮಧ್ಯರಾತ್ರಿ. ಮುಗಿಯುವುದು ಜುಲೈ 31. ಒಟ್ಟು 52 ದಿನ. ನಮ್ಮದಕ್ಕಿಂತ ಒಂಬತ್ತು ದಿನ ಕಮ್ಮಿ. ರಾಜ್ಯದ ನೀರಿನಲ್ಲಿ ದಿನ ನಿಗದಿ ಮಾಡುವುದು ಆಯಾ ರಾಜ್ಯ, ಆದ್ದರಿಂದ ಇದು ಕಾನೂನುಬದ್ಧವೇ. ಆದರೆ 12 ಮೈಲಿಯಾಚೆ ಕೇಂದ್ರದ 61 ದಿನವೇ ಲೆಕ್ಕ.

ಮಂಗಳೂರಿನ ಬೋಟಿನವರ ದೂರು ಅರ್ಥವಾಗುವಂಥದ್ದು. ನಾವು ಬೋಟು ಕಟ್ಟಿ ಕೂತಿದ್ದೇವೆ, ಪಕ್ಕದವರು ಅದೇ ಮೀನು ಹಿಡಿಯುತ್ತಿದ್ದಾರೆ ಎನ್ನುತ್ತಾರೆ. ಇನ್ನೂ ದೊಡ್ಡ ತಕರಾರು ಒಂಬತ್ತು ದಿನದ್ದಲ್ಲ. ಕೇರಳದ ನಿಷೇಧ ಇರುವುದು ಟ್ರಾಲಿಂಗ್ ಮೇಲೆ. ಇನ್‌ಬೋರ್ಡ್ (ದೋಣಿಯೊಳಗೇ ಕೂರಿಸಿದ) ಎಂಜಿನ್ ಇರುವ, ಹಿಂಡನ್ನು ಸುತ್ತುವರಿಯುವ ರಿಂಗ್‌ಸೀನ್ ಬಲೆಯ ದೊಡ್ಡ ವಳ್ಳಗಳನ್ನು (ದೋಣಿಗಳನ್ನು) ಅಲ್ಲಿ ಸಾಂಪ್ರದಾಯಿಕ ಎಂದೇ ಲೆಕ್ಕ ಹಾಕಿ ಮಳೆಗಾಲದಲ್ಲೂ ಬಿಡುತ್ತಾರೆ. ನಮ್ಮ ಕಡೆ 10 ಅಶ್ವಶಕ್ತಿ ದಾಟಿದರೆ ಬಂದ್. ಬೂತಾಯಿ ಮೊಟ್ಟೆ ಇಡುವುದು ಎರಡೂ ಕಡೆ ಒಂದೇ ಹೊತ್ತಿಗೆ ಅಲ್ವಾ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಕೇರಳದ ಕಡೆಯ ಮಾತನ್ನೂ ಕೇಳಬೇಕು. ಅಲ್ಲಿ ಸಾಂಪ್ರದಾಯಿಕ ಮೀನುಗಾರರ ಸಂಖ್ಯೆ ದೊಡ್ಡದು, ಸಂಘಟನೆ ಗಟ್ಟಿ. ನಿಷೇಧ ಬಂದದ್ದೇ ಅವರ ಹೋರಾಟದಿಂದ, ಟ್ರಾಲರುಗಳಿಂದ ಅವರನ್ನು ಕಾಪಾಡಲು. ಅವರನ್ನೇ ದಡದಲ್ಲಿ ಕೂರಿಸುವ ಧೈರ್ಯ ಯಾವ ಸರ್ಕಾರಕ್ಕೂ ಇಲ್ಲ.

ಇನ್ನು ಪೇಟೆಯ ಮಾತು. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜೂನ್ ಮೊದಲ ಎರಡು ವಾರ ದೇಶದ ಎರಡೂ ಬದಿಯಲ್ಲಿ ಹೆಚ್ಚುಕಮ್ಮಿ ಬೋಟುಗಳು ನಿಂತಿರುತ್ತವೆ. ಆಗ ಮೀನಿನ ದರ ಗಗನಕ್ಕೆ. ಜೂನ್ 15ರ ನಂತರ ತಮಿಳುನಾಡು, ಆಂಧ್ರದ ಮೀನು ಐಸ್ ಹಾಕಿದ ಲಾರಿಯಲ್ಲಿ ಮಂಗಳೂರಿಗೆ ಬಂದು ದರ ಸ್ವಲ್ಪ ಇಳಿಯುತ್ತದೆ. ಮಳೆಗಾಲದಲ್ಲಿ ಕರಾವಳಿಯವರು ತಿನ್ನುವ ಅಂಜಲ್ ಎಷ್ಟೋ ಸಲ ಬಂಗಾಳಕೊಲ್ಲಿಯದ್ದು!

ಆಗಸ್ಟ್ ಒಂದರಿಂದ ಮುಂದಿನ 304 ದಿನ

ನಿಷೇಧ ಮುಗಿಯುವುದು ಜುಲೈ 31ಕ್ಕೆ. ಎರಡು ತಿಂಗಳು ದುಡಿಮೆ ಇಲ್ಲದೆ, ಎಂಜಿನ್ ರಿಪೇರಿಗೆ, ಬಲೆಗೆ ಸಾಲ ಮಾಡಿ ಕೂತ ಬೋಟುಗಳು ಸಮುದ್ರ ಪೂಜೆ ಮುಗಿಸಿ, ಹವೆ ನೋಡಿಕೊಂಡು ಹೆಚ್ಚುಕಮ್ಮಿ ಒಟ್ಟಿಗೇ ಹೊರಡುತ್ತವೆ. ಜೂನ್‌ನಲ್ಲಿ ಹುಟ್ಟಿದ ಮರಿಗಳು ಆಗ ಇನ್ನೂ ಬೆರಳುದ್ದ. ಅವು ಇರುವುದೂ ದಡದಿಂದ ತುಂಬಾ ದೂರವಲ್ಲ. ನಿಷೇಧ ಯಾವುದನ್ನು ಕಾಪಾಡಿತೋ ಅದನ್ನೇ ಮೊದಲ ವಾರಗಳ ಬಲೆ ಎತ್ತಿಕೊಂಡು ಬರುವ ಸಾಧ್ಯತೆ ಜಾಸ್ತಿ.

ಇಲ್ಲಿ ಬಲೆಯ ಕಣ್ಣಿನ ಪ್ರಶ್ನೆ ಬರುತ್ತದೆ. ಟ್ರಾಲ್ ಬಲೆ ಒಂದು ಉದ್ದನೆಯ ಚೀಲ. ಮೀನು ಕೊನೆಗೆ ಸೇರುವುದು ಅದರ ತುದಿಯ ಗಂಟಿನಲ್ಲಿ. ಮಾಮೂಲಿ ಬಲೆಯ ಕಣ್ಣು ವಜ್ರಾಕಾರ. ಬೋಟು ಎಳೆಯುತ್ತಾ ಹೋದ ಹಾಗೆ, ಚೀಲ ಭಾರವಾದ ಹಾಗೆ, ಆ ಕಣ್ಣು ಬಿಗಿದು ಮುಚ್ಚಿಕೊಳ್ಳುತ್ತದೆ. ಕಾಗದದ ಮೇಲೆ ಕಣ್ಣು ದೊಡ್ಡದೇ ಇದ್ದರೂ ನೀರಿನಲ್ಲಿ ಮರಿಗೆ ದಾರಿ ಇಲ್ಲ. ಚೌಕಾಕಾರದ ಕಣ್ಣು ಎಳೆದಾಗಲೂ ತೆರೆದೇ ಇರುತ್ತದೆ, ಮರಿ ನುಸುಳಿ ಹೋಗುತ್ತದೆ. ತುದಿಯಲ್ಲಿ 35 ಮಿಲಿಮೀಟರಿನ ಚೌಕ ಕಣ್ಣು ಹಾಕಿ ಎಂದು ವಿಜ್ಞಾನಿಗಳು ಹೇಳುತ್ತಾ ಬಂದು ಎಷ್ಟೋ ವರ್ಷವಾಯಿತು. ಬೋಟಿನವರು ಒಪ್ಪುವುದಿಲ್ಲ. ಕಾರಣ ಸರಳ. ಆ ಕಣ್ಣಿನಲ್ಲಿ ಮರಿ ಅಷ್ಟೇ ಅಲ್ಲ, ಸಣ್ಣ ಸಿಗಡಿಯೂ ನುಸುಳಿ ಹೋಗುತ್ತದೆ. ಟ್ರಿಪ್ಪಿನ ಡೀಸೆಲ್ ಖರ್ಚು ಹುಟ್ಟಿಸುವುದು ಎಷ್ಟೋ ಸಲ ಆ ಸಿಗಡಿಯೇ.

ಮರಿ ಹಿಡಿದರೆ ಎಷ್ಟು ನಷ್ಟ ಎಂಬುದಕ್ಕೆ ಒಂದು ಲೆಕ್ಕ. ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಹತ್ತು ಸೆಂಟಿಮೀಟರಿನ ಬಂಗುಡೆ ಇಪ್ಪತ್ತಕ್ಕೆ ಬೆಳೆಯಲು ವರ್ಷಗಟ್ಟಲೆ ಬೇಕಿಲ್ಲ, ಕೆಲವು ತಿಂಗಳು ಸಾಕು. ದಾರಿಯಲ್ಲಿ ಒಂದಷ್ಟು ಸಾಯುತ್ತವೆ, ಬೇರೆ ಮೀನಿಗೆ ಆಹಾರವಾಗುತ್ತವೆ. ಆದರೂ ಉಳಿದವುಗಳ ತೂಕ, ಅದಕ್ಕಿಂತ ಹೆಚ್ಚಾಗಿ ಅವುಗಳ ದರ, ಮರಿಯ ದರಕ್ಕೆ ಹೋಲಿಕೆಯೇ ಇಲ್ಲ.

ಹಾಗಿದ್ದರೆ ಮರಿಯನ್ನು ಯಾಕೆ ತರುತ್ತಾರೆ? ಕೊಳ್ಳುವವರು ಇದ್ದಾರೆ, ಅದಕ್ಕೆ. ತಿನ್ನಲು ಬಾರದ ಸಣ್ಣ ಮೀನು, ಮರಿ ಮೀನು ಎಲ್ಲ ಸೇರಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಬೇಯಿಸಿ, ಹಿಂಡಿ, ಒಣಗಿಸಿ ಪುಡಿ ಮಾಡಿ ಎಣ್ಣೆ ತೆಗೆಯುತ್ತಾರೆ. ಒಂದು ಕಿಲೋ ಪುಡಿಗೆ ಸುಮಾರು ನಾಲ್ಕೈದು ಕಿಲೋ ಮೀನು ಬೇಕು. ಪುಡಿ ಹೋಗುವುದು ಕೃಷಿ ಸಿಗಡಿ, ಕೋಳಿಗಳ ಆಹಾರಕ್ಕೆ. ಮಂಗಳೂರು-ಉಡುಪಿ ಭಾಗ ಈ ಉದ್ದಿಮೆಗೆ ಹೆಸರುವಾಸಿ. ಮೊದಲು ಬೋಟಿನವರು ಕಡಲಿಗೇ ಚೆಲ್ಲಿ ಬರುತ್ತಿದ್ದ ಮೀನಿಗೆ ಈಗ ಬೆಲೆ ಇದೆ. ಒಳ್ಳೆ ಮೀನು ಸಿಗದ ಟ್ರಿಪ್ಪಿನಲ್ಲಿ ಡೀಸೆಲ್ ದುಡ್ಡಾದರೂ ಹುಟ್ಟಲಿ ಎಂದು ಐಸ್ ಪೆಟ್ಟಿಗೆ ತುಂಬ ಅದನ್ನೇ ತರುತ್ತಾರೆ. ಬೋಟಿನವನನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಕರ್ನಾಟಕ ಸಣ್ಣ ಆಟಗಾರನೇನಲ್ಲ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ರಾಜ್ಯದ ದಡಕ್ಕೆ ಬಂದ ಮೀನು 6.95 ಲಕ್ಷ ಟನ್. ದೇಶದಲ್ಲಿ ತಮಿಳುನಾಡಿನ ನಂತರ ಎರಡನೇ ಸ್ಥಾನ, ಅದೂ ಮೂರೇ ಕರಾವಳಿ ಜಿಲ್ಲೆಗಳಿಂದ. ಈ ಟನ್ನುಗಳಲ್ಲಿ ಊಟದ ತಟ್ಟೆಗೆ ಹೋದದ್ದೆಷ್ಟು, ಪುಡಿಯಾದದ್ದೆಷ್ಟು ಎಂದು ಕೇಳದೆ ದಾಖಲೆ ಎಂದು ಸಂಭ್ರಮಿಸುವುದು ಸುಮ್ನೆ.

ಬೆಳಕು ಹಾಯಿಸುವವರು

ರಾತ್ರಿ ಕಡಲಲ್ಲಿ ಜನರೇಟರ್ ಓಡಿಸಿ, ಪ್ರಬಲ ಎಲ್‌ಇಡಿ ದೀಪ ಉರಿಸುತ್ತಾರೆ. ಬೆಳಕಿಗೆ ಬೊಂಡಾಸ್ (ಸ್ಕ್ವಿಡ್), ಸಣ್ಣ ಮೀನು, ಅವುಗಳ ಹಿಂದೆ ದೊಡ್ಡ ಮೀನು ಬಂದು ಸೇರುತ್ತವೆ. ಆಮೇಲೆ ಸುತ್ತ ಬಲೆ. ಹಿಂಡು ಹುಡುಕುತ್ತಾ ಡೀಸೆಲ್ ಸುಡುವ ಕೆಲಸವಿಲ್ಲ. ಬುಲ್ ಟ್ರಾಲ್ ಇನ್ನೊಂದು ಬಗೆ: ಎರಡು ಬೋಟು ಅಕ್ಕಪಕ್ಕ ಹೋಗುತ್ತಾ ಒಂದೇ ದೊಡ್ಡ ಬಲೆಯನ್ನು ಎಳೆಯುವುದು.

ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ತನ್ನ ನೀರಿನಲ್ಲಿ ಎಲ್‌ಇಡಿ ಬೆಳಕನ್ನೂ ಜೋಡಿ ಬೋಟುಗಳ ಎಳೆತವನ್ನೂ ನಿಷೇಧಿಸಿತು. ನಾಡದೋಣಿಯವರು ಅಂದಿನಿಂದ ಕೇಳುತ್ತಿರುವುದು ಜಾರಿ ಮಾಡಿ ಎಂದು. ಬೆಳಕಿನವರು ಹೊರಗೇ ಮೀನನ್ನು ತಡೆದರೆ ದಡದ ಕಡೆ ಏನೂ ಬರುವುದಿಲ್ಲ ಎಂಬುದು ಅವರ ವಾದ. ರಂಪಣಿಯವರು ಪರ್ಸೀನ್ ಬಗ್ಗೆ ಅಂದು ಹೇಳಿದ ಮಾತೇ ಇದು.

ಬೆಳಕಿನವರ ಸಮರ್ಥನೆ ಹೀಗಿದೆ. ಡೀಸೆಲ್ ದುಬಾರಿ, ಹಿಂಡು ಸಿಗುವುದಿಲ್ಲ, ಬೋಟಿನ ಮೇಲೆ ಲಕ್ಷಗಟ್ಟಲೆ ಸಾಲ. ಪಕ್ಕದ ರಾಜ್ಯದವರೂ ಮಾಡುತ್ತಾರೆ. ನಾವು ಬಿಟ್ಟರೆ ಅವರು ಹಿಡಿಯುತ್ತಾರೆ. ಈ ಕೊನೆಯ ಮಾತನ್ನು ಎಲ್ಲ ರಾಜ್ಯದವರೂ ಹೇಳುತ್ತಾರೆ. ಹಾಗಾಗಿ ಯಾರೂ ಮೊದಲು ಬಿಡುವುದಿಲ್ಲ.

ಜಾರಿ ಯಾಕೆ ಆಗುವುದಿಲ್ಲ ಎಂದರೆ, ಮಳೆಗಾಲದ ನಿಷೇಧದ ಜೊತೆ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. ಆ 61 ದಿನ ಬೋಟು ಬಂದರಿನಲ್ಲಿ ಇದೆಯೋ ಇಲ್ಲವೋ ಎಂದು ದಡದಲ್ಲೇ ನಿಂತು ಹೇಳಬಹುದು. ತಪ್ಪಿದರೆ ಶಿಕ್ಷೆಯೂ ಜೇಬಿಗೆ ತಾಗುವಂಥದ್ದು. ದಂಡದ ಜೊತೆಗೆ ಒಂದು ವರ್ಷ ಡೀಸೆಲ್ ಸಹಾಯಧನ ಇಲ್ಲ. ಹಾಗಾಗಿ ನಿಷೇಧ ಬಹುಪಾಲು ಪಾಲನೆಯಾಗುತ್ತದೆ. ಬೆಳಕಿನ ಮೀನುಗಾರಿಕೆ ನಡೆಯುವುದು ಕತ್ತಲಲ್ಲಿ, ಹತ್ತಾರು ಮೈಲಿ ದೂರ. ಕರಾವಳಿ ಪೊಲೀಸರ, ಇಲಾಖೆಯ ದೋಣಿ ಅಲ್ಲಿಗೆ ಹೋಗುವ ಹೊತ್ತಿಗೆ ದೀಪ ಆರಿರುತ್ತದೆ. ಬೋಟಿನಲ್ಲಿ ಜನರೇಟರ್ ಇದ್ದ ಮಾತ್ರಕ್ಕೆ ತಪ್ಪು ಸಾಬೀತಾಗುವುದೂ ಕಷ್ಟ. ಸರ್ಕಾರಗಳಿಗೆ ದಿನಗಳ ನಿಷೇಧ ಅಚ್ಚುಮೆಚ್ಚು, ಬಲೆ ಮತ್ತು ಬೆಳಕಿನ ನಿಷೇಧ ತಲೆನೋವು ಆಗಿರುವುದು ಈ ಕಾರಣಕ್ಕೆ.

ದಿನಕ್ಕೆ 49 ರೂಪಾಯಿ

ನಿಷೇಧದ ಕಾಲಕ್ಕೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮೀನುಗಾರ ತನ್ನ ದುಡಿಮೆಯಿಂದ 1,500 ರೂಪಾಯಿ ಕಟ್ಟಬೇಕು. ಸರ್ಕಾರ 3,000 ಸೇರಿಸುತ್ತದೆ. ಒಟ್ಟು 4,500 ರೂಪಾಯಿ ಕಷ್ಟದ ತಿಂಗಳುಗಳಲ್ಲಿ ಕೈಗೆ ಬರುತ್ತದೆ. ಸರ್ಕಾರದ ಪಾಲನ್ನು 61 ದಿನಕ್ಕೆ ಹಂಚಿದರೆ ದಿನಕ್ಕೆ 49 ರೂಪಾಯಿ ಚಿಲ್ಲರೆ.

ಈ ಸಣ್ಣ ಮೊತ್ತ ಕೂಡ ಎಲ್ಲರಿಗೂ ಇಲ್ಲ. ಯೋಜನೆ ಸಮುದ್ರಕ್ಕೆ ಹೋಗುವ, ಸಂಘದಲ್ಲಿ ನೋಂದಾಯಿಸಿದ ಮೀನುಗಾರರಿಗೆ. ಬಂದರಿನಲ್ಲಿ ಬುಟ್ಟಿ ಹೊರುವವರು, ಮೀನು ಬಿಡಿಸುವ ಹೆಂಗಸರು, ಐಸ್ ಪ್ಲಾಂಟಿನ ಕೆಲಸದವರು, ಮನೆ ಮನೆಗೆ ಮೀನು ಮಾರುವವರು ಇದರೊಳಗೆ ಬರುವುದಿಲ್ಲ. ಅವರ ದುಡಿಮೆಯೂ ಅದೇ 61 ದಿನ ನಿಲ್ಲುತ್ತದೆ. ಬೋಟುಗಳಲ್ಲಿ ದುಡಿಯುವ ಆಂಧ್ರ, ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶದ ಕಾರ್ಮಿಕರು ಮೇ ಕೊನೆಗೆ ರೈಲು ಹತ್ತುತ್ತಾರೆ. ಅವರ ಹೆಸರು ಇಲ್ಲಿನ ಪಟ್ಟಿಯಲ್ಲೇ ಇಲ್ಲ.

ಇನ್ನೊಂದು ಬದಿಯಲ್ಲಿ ಡೀಸೆಲ್ ಇದೆ. ರಾಜ್ಯ ಸರ್ಕಾರ ಬೋಟುಗಳಿಗೆ ತೆರಿಗೆ ರಿಯಾಯಿತಿ ದರದಲ್ಲಿ ಡೀಸೆಲ್ ಕೊಡುತ್ತದೆ. 2023ರ ಬಜೆಟ್‌ನಲ್ಲಿ ವಾರ್ಷಿಕ ಮಿತಿಯನ್ನು 1.5 ಲಕ್ಷದಿಂದ 2 ಲಕ್ಷ ಕಿಲೋಲೀಟರಿಗೆ ಏರಿಸಲಾಯಿತು. ಒಂದು ಕೈಯಲ್ಲಿ 61 ದಿನ ನಿಲ್ಲಿಸು ಎನ್ನುವ ಸರ್ಕಾರ ಇನ್ನೊಂದು ಕೈಯಲ್ಲಿ 304 ದಿನ ಇನ್ನಷ್ಟು ದೂರ ಹೋಗಲು ಎಣ್ಣೆ ಹಾಕುತ್ತಿದೆ. ರಿಯಾಯಿತಿ ನಿಲ್ಲಿಸಿದರೆ ಸಾವಿರಾರು ಕುಟುಂಬ ಬೀದಿಗೆ ಬೀಳುತ್ತವೆ, ಅದು ಪರಿಹಾರವಲ್ಲ. ಆದರೆ ಚೌಕ ಕಣ್ಣಿನ ಬಲೆ ಹಾಕಿದವರಿಗೆ ಪೂರ್ತಿ ಡೀಸೆಲ್, ಹಾಕದವರಿಗೆ ಕಡಿಮೆ ಎಂಬ ಷರತ್ತು ಇಡಬಹುದಿತ್ತು. ನಿಷೇಧ ಮುರಿದರೆ ಡೀಸೆಲ್ ಕಡಿತ ಎಂಬ ನಿಯಮ ಕೆಲಸ ಮಾಡುತ್ತಿದೆ ಎಂದ ಮೇಲೆ ಅದೇ ಹತ್ಯಾರು ಬಲೆಗೂ ಆಗಬಹುದು.

ಕೇರಳದ ಅಳತೆಕೋಲು

ಕೇರಳ ಇನ್ನೊಂದು ದಾರಿ ಹಿಡಿಯಿತು. ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದವನ್ನೇ ಕಾನೂನು ಮಾಡಿತು. 2015ರಲ್ಲಿ 14 ಜಾತಿಗೆ ಶುರುವಾದದ್ದು ಆಮೇಲೆ 58 ಜಾತಿಗೆ ಬೆಳೆಯಿತು. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯುವ ಹಾಗಿಲ್ಲ. ಅಧಿಕಾರಿ ಕಡಲಿಗೆ ಹೋಗಬೇಕಿಲ್ಲ, ಬಂದರಿನಲ್ಲಿ ಅಳತೆಪಟ್ಟಿ ಹಿಡಿದು ನಿಂತರೆ ಸಾಕು. ಇದರ ದೊಡ್ಡ ಅನುಕೂಲ ಇದೇ.

ತೊಡಕೂ ಇದೆ. ಟ್ರಾಲ್ ಬಲೆಯಲ್ಲಿ ಒಂದೇ ಎಳೆತಕ್ಕೆ ಮದ್ಮಲ್, ಪಾಂಬೊಲ್, ನಂಗ್, ಸಿಗಡಿ, ಏಡಿ ಎಲ್ಲ ಬರುತ್ತದೆ. ಮರಿಯನ್ನು ಆರಿಸಿ ಕಡಲಿಗೆ ಎಸೆದರೂ ಅದು ಬದುಕುವುದಿಲ್ಲ. ಎಸೆದು ಬಂದರೆ ದಡದಲ್ಲಿ ಲೆಕ್ಕ ಚೊಕ್ಕ, ಕಡಲಲ್ಲಿ ನಷ್ಟ ಹಾಗೇ. ಅಂದರೆ ಉದ್ದದ ನಿಯಮ ಒಂಟಿಯಾಗಿ ಬಂದರೆ ಸಾಲದು, ಬಲೆಯ ಕಣ್ಣಿನ ಜೊತೆಗೇ ಬರಬೇಕು.

ಎಲ್ಲ ಹೊಣೆಯನ್ನೂ ಬಲೆಯ ಮೇಲೆ ಹಾಕುವುದೂ ತಪ್ಪಾಗುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಮೂರು ಸಾವಿರ ಚಿಲ್ಲರೆ ಟನ್. ಇಷ್ಟು ಕುಸಿತಕ್ಕೆ ಅತಿ ಮೀನುಗಾರಿಕೆ ಒಂದೇ ಕಾರಣ ಅಲ್ಲ, ಎಲ್ ನಿನೊ, ಬಿಸಿಯಾದ ನೀರು, ಮಳೆಯ ಏರುಪೇರು ಎಲ್ಲ ಸೇರಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಬೂತಾಯಿ ಹಿಂದೆಯೂ ಹೀಗೆ ಕಾಣೆಯಾಗಿ ಮತ್ತೆ ಬಂದದ್ದುಂಟು. ಹವಾಮಾನದ ಮೇಲೆ ನಮ್ಮ ಕೈ ಇಲ್ಲ. ಕೆಟ್ಟ ವರ್ಷದಲ್ಲಿ ಉಳಿದ ಸ್ವಲ್ಪವನ್ನೂ ಮರಿಯಲ್ಲೇ ಬಾಚದಿರುವುದು ಮಾತ್ರ ನಮ್ಮ ಕೈಯಲ್ಲಿದೆ.

ದಿಲ್ಲಿಯ ಹೊಸ ಪಾಸ್

ಇನ್ನು 2025ರ ನವೆಂಬರ್ 4ರಂದು ಹೊರಬಂದ ಕೇಂದ್ರದ ನಿಯಮಗಳು. ಇವು ಅನ್ವಯ ಆಗುವುದು 12 ಮೈಲಿಯಾಚೆ. ಯಾಂತ್ರೀಕೃತ ಬೋಟುಗಳು ಮತ್ತು ದೊಡ್ಡ ಮೋಟಾರು ದೋಣಿಗಳು ಅಲ್ಲಿ ಮೀನು ಹಿಡಿಯಲು ಆನ್‌ಲೈನಿನಲ್ಲಿ ಆಕ್ಸೆಸ್ ಪಾಸ್ ಪಡೆಯಬೇಕು, ಅದಕ್ಕೆ ಶುಲ್ಕವಿಲ್ಲ. ಸಾಂಪ್ರದಾಯಿಕ ಮತ್ತು ಸಣ್ಣ ಮೋಟಾರು ದೋಣಿಗಳಿಗೆ ಪಾಸ್ ಬೇಡ. ಎಲ್‌ಇಡಿ, ಜೋಡಿ ಟ್ರಾಲ್, ಬುಲ್ ಟ್ರಾಲ್ ಮೇಲಿನ ನಿಷೇಧ ಈಗ ನಿಯಮದ ರೂಪದಲ್ಲಿದೆ. ವಿದೇಶಿ ಹಡಗುಗಳಿಗೆ ಅವಕಾಶ ಇಲ್ಲ. ಸಹಕಾರ ಸಂಘಗಳಿಗೆ ಆದ್ಯತೆ. ಮೀನಿನ ಕನಿಷ್ಠ ಉದ್ದ ನಿಗದಿ ಮಾಡುವ ಮಾತೂ ಅದರಲ್ಲಿದೆ.

ಪರ ಇರುವವರ ಲೆಕ್ಕ: ಇಷ್ಟು ದಿನ ಆ ನೀರಿನಲ್ಲಿ ನಮ್ಮದೇ ಬೋಟುಗಳಿಗೆ ಸರಿಯಾದ ಕಾನೂನೇ ಇರಲಿಲ್ಲ. ವಿದೇಶಿ ಹಡಗುಗಳಿಗೆ 1981ರ ಕಾಯಿದೆ ಇತ್ತು, ಸ್ವದೇಶಿಗೆ ಇರಲಿಲ್ಲ. ಈಗ ಪಾಸ್ ಇದ್ದರೆ ಯಾರು ಹೋದರು ಎಂದಾದರೂ ಗೊತ್ತಾಗುತ್ತದೆ, ಪಾಸ್ ರದ್ದು ಮಾಡುವ ಹೆದರಿಕೆಯೂ ಇರುತ್ತದೆ. ಅನುಮಾನ ಇರುವವರ ಮಾತು: ಪಾಸ್ ಹೆಸರಿನಲ್ಲಿ ದೊಡ್ಡ ಬಂಡವಾಳದವರು ಆಳಸಮುದ್ರಕ್ಕೆ ಇಳಿಯುತ್ತಾರೆ, ರಾಜ್ಯದ ಮಾತಿಗೆ ಬೆಲೆ ಕಡಿಮೆಯಾಗುತ್ತದೆ. ಈ ಅನುಮಾನ ನಿಜವಾಗುತ್ತದೋ ಇಲ್ಲವೋ ಎಂಬುದು ಮೊದಲ ಕೆಲವು ವರ್ಷ ಪಾಸ್ ಯಾರ ಕೈಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ.

ಪಾಸ್ ಜೊತೆಗೆ ನಿಜವಾಗಿ ಆಟ ಬದಲಿಸಬಹುದಾದದ್ದು ಟ್ರಾನ್ಸ್‌ಪಾಂಡರ್, ಅಂದರೆ ಬೋಟು ಮತ್ತು ದಡದ ನಡುವೆ ಸಂದೇಶ ಸಾಗಿಸುವ ಸಾಧನ. ದೇಶದ ಒಂದು ಲಕ್ಷ ಬೋಟುಗಳಿಗೆ 364 ಕೋಟಿ ರೂಪಾಯಿಯಲ್ಲಿ ಉಚಿತವಾಗಿ ಅಳವಡಿಸುವ ಯೋಜನೆ ನಡೆಯುತ್ತಿದೆ. ಚಂಡಮಾರುತದ ಎಚ್ಚರಿಕೆ, ಅಪಾಯದ ಸಂದೇಶ ಇದರ ಮುಖ್ಯ ಉಪಯೋಗ. ಆದರೆ ಬೋಟು ಎಲ್ಲಿತ್ತು ಎಂಬುದೂ ದಾಖಲಾಗುತ್ತದೆ. 6 ಕಿಲೋಮೀಟರಿನ ಗೆರೆ ದಾಟಿ ಒಳಬಂದ ಟ್ರಾಲ್ ಬೋಟನ್ನು ಅಧಿಕಾರಿ ದಡದಲ್ಲೇ ಕೂತು ಗುರುತಿಸಬಹುದು. ಬೋಟಿನವರಿಗೆ ಹಿಂಜರಿಕೆ ಇರುವುದೂ ಅಲ್ಲೇ. ಮೀನು ಸಿಗುವ ಜಾಗ ಗುಟ್ಟಿನ ವಿಷಯ. ಯಾರು ಆ ಗುಟ್ಟನ್ನು ಕೊಡುತ್ತಾರೆ?

ಕರ್ನಾಟಕದ ಮುಂದೆ ಈಗ ಇರುವ ಕೆಲಸ ಬಹುಶಃ ನಿಷೇಧದ ದಿನ ಕೂಡಿಸುವುದು, ಕಳೆಯುವುದು ಅಲ್ಲ. ಕೇಂದ್ರ ತನ್ನ ನೀರಿಗೆ ನಿಯಮ ಮಾಡಿಕೊಂಡ ಮೇಲೆ 1986ರ ಕಾಯಿದೆ ಒಳಗಿನ 12 ಮೈಲಿಗೆ ಮಾತ್ರ ಉಳಿದಿದೆ. ಮರಿಗಳು ಬೆಳೆಯುವುದು ಬಹುಪಾಲು ಅಲ್ಲೇ. ಬೋಟು ಎಲ್ಲಿ ಹಿಡಿದರೂ ಮೀನು ಇಳಿಯುವುದು ರಾಜ್ಯದ ಬಂದರಿನಲ್ಲಿ, ಹರಾಜಾಗುವುದು ರಾಜ್ಯದ ಪ್ರಾಂಗಣದಲ್ಲಿ, ಪುಡಿಯಾಗುವುದು ರಾಜ್ಯದ ಕಾರ್ಖಾನೆಯಲ್ಲಿ. ಕಡಲಿನ ಮಧ್ಯದಲ್ಲಿ ಯಾರ ಅಧಿಕಾರ ಎಂಬ ಜಗಳ ಇಲ್ಲಿ ಇಲ್ಲ. ಕಾರ್ಖಾನೆ ಗೇಟಿನಲ್ಲಿ ಯಾವ ಮೀನು, ಎಷ್ಟು ಉದ್ದದ್ದು, ಯಾವ ಬೋಟಿನದು ಎಂದು ಬರೆದಿಡಲು ಹೇಳುವುದಕ್ಕೆ ದಿಲ್ಲಿಯ ಪಾಸ್ ಬೇಕಾಗಿಲ್ಲ, ಕೇರಳದ ಒಪ್ಪಿಗೆಯೂ ಬೇಕಾಗಿಲ್ಲ.